ಗಾಳಿಗೂ ಒಂದು ದಿನ ಇಟ್ಟುಕೋ

ಉಡುಪಿಯ ಒಂದು ಮನೆಯ ಜಗಲಿ, ಸಂಜೆಯ ಹೊತ್ತು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾದ ಹುಡುಗಿ ಊರಿಗೆ ಬಂದಿದ್ದಾಳೆ. ಅವಳ ಮಡಿಲಲ್ಲಿ ಗೀಟು ಹಾಕಿ ಹದಿನಾಲ್ಕು ಮನೆ ಮಾಡಿದ ಹಾಳೆ. ಎದುರಿಗೆ ಅವಳ ಚಿಕ್ಕಮ್ಮ. ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವರು, ನಿವೃತ್ತಿಯಾದ ವರ್ಷವೇ ಬೆನ್ನಿಗೊಂದು ಚೀಲ ಹಾಕಿಕೊಂಡು ನೇಪಾಳಕ್ಕೆ ಹೋಗಿ ಬಂದವರು.

ಹುಡುಗಿ: ಒಮ್ಮೆ ನೋಡಿ ಚಿಕ್ಕಮ್ಮ. ಅಕ್ಟೋಬರಿನಲ್ಲಿ ಹದಿನಾಲ್ಕು ದಿನ ರಜೆ ಉಂಟು. ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲು, ಎರಡು ದಿನ. ಅಲ್ಲಿಂದ ಬಸ್ಸಿನಲ್ಲಿ ಸುನೌಲಿ, ಗಡಿ ದಾಟಿ ಇನ್ನೊಂದು ಬಸ್ಸು, ರಾತ್ರಿಗೆ ಪೋಖರಾ. ಮರುದಿನ ಬೆಳಿಗ್ಗೆಯೇ ವಿಮಾನದಲ್ಲಿ ಜೋಮ್ಸೋಮ್, ಅದೇ ದಿನ ಜೀಪಿನಲ್ಲಿ ಮುಕ್ತಿನಾಥ. ಅದರ ಮರುದಿನ ವಿಮಾನದಲ್ಲಿ ವಾಪಸ್ ಪೋಖರಾ, ಅಲ್ಲಿಂದ ಕಾಠ್ಮಂಡು. ಬರುವಾಗ ಲುಂಬಿನಿ. ಒಂದು ದಿನವೂ ದಂಡ ಮಾಡಲಿಲ್ಲ.

ಚಿಕ್ಕಮ್ಮ: ಪಟ್ಟಿ ಚಂದ ಉಂಟು. ಆದರೆ ಇದರಲ್ಲಿ ಗಾಳಿಗೆ ಜಾಗ ಇಡಲಿಲ್ಲ ನೀನು.

ಹುಡುಗಿ: ಗಾಳಿಗಾ?

ಚಿಕ್ಕಮ್ಮ: ಕಾಳಿಗಂಡಕಿಯ ಗಾಳಿಗೆ. ಜೋಮ್ಸೋಮ್ ಇರುವುದು ಆ ನದಿಯ ದಂಡೆಯಲ್ಲಿ, ಸುಮಾರು 2,700 ಮೀಟರ್ ಎತ್ತರದಲ್ಲಿ. ಒಂದು ಬದಿಗೆ 8,091 ಮೀಟರಿನ ಅನ್ನಪೂರ್ಣ, ಇನ್ನೊಂದು ಬದಿಗೆ 8,167 ಮೀಟರಿನ ಧವಳಗಿರಿ. ನಡುವೆ ನದಿ ಕೊರೆದ ಸಂದು. ಬಿಸಿಲೇರಿದ ಹಾಗೆ ಆಚೆಯ ಟಿಬೆಟಿನ ಎತ್ತರದ ನೆಲ ಕಾಯ್ತದೆ, ಅಲ್ಲಿಯ ಗಾಳಿ ಮೇಲೇಳ್ತದೆ. ಆ ತೆರವು ತುಂಬಲಿಕ್ಕೆ ಕೆಳಗಿನ ತಂಪು ಗಾಳಿ ನುಗ್ಗಬೇಕಲ್ಲ, ಹಿಮಾಲಯದ ಗೋಡೆಯಲ್ಲಿ ಅದಕ್ಕೆ ಸಿಗುವ ಕಿಂಡಿ ಇದು. ನಮ್ಮಲ್ಲಿ ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಬರುವ ಲೆಕ್ಕವೇ. ಆದರೆ ಇಲ್ಲಿ ಗಾಳಿಗೆ ಇಡೀ ಕರಾವಳಿ ಉಂಟು, ಅಲ್ಲಿ ಒಂದು ಓಣಿ. ಗಂಟೆ ಹತ್ತು ಹನ್ನೊಂದಾದರೆ ಸಾಕು, ಮುಖಕ್ಕೆ ಮರಳು ಹೊಡೆಯಲಿಕ್ಕೆ ಶುರು. ಹಾಗಾಗಿ ಅಲ್ಲಿಗೆ ವಿಮಾನ ಹೋಗುವುದು ಬೆಳಗಿನ ಹೊತ್ತು ಮಾತ್ರ. ಬೆಳಿಗ್ಗೆ ಪೋಖರಾದಲ್ಲಿ ಮಂಜು ಕವಿದು, ಅದು ಕರಗುವುದರೊಳಗೆ ಅತ್ತ ಗಾಳಿ ಎದ್ದರೆ ಆ ದಿನದ ಕಥೆ ಮುಗಿಯಿತು.

ಹುಡುಗಿ: ವಿಮಾನ ರದ್ದಾದರೆ ದುಡ್ಡು ವಾಪಸ್ ಕೊಡ್ತಾರಲ್ಲ?

ಚಿಕ್ಕಮ್ಮ: ಕೊಡ್ತಾರೆ, ಇಲ್ಲದಿದ್ದರೆ ಮರುದಿನಕ್ಕೆ ಹಾಕಿಕೊಡ್ತಾರೆ. ಆದರೆ ನಿನ್ನ ಕಾಠ್ಮಂಡುವಿನ ಟಿಕೆಟ್, ಗೋರಖ್‌ಪುರದ ರೈಲು, ಆಫೀಸಿನ ರಜೆ ಯಾವುದೂ ಆ ಗಾಳಿಯ ಮಾತು ಕೇಳುವುದಿಲ್ಲ. ಮಾಲೆಯ ಒಂದು ಗಂಟು ಬಿಚ್ಚಿದರೆ ಉಳಿದ ಮಣಿಗಳೂ ಉದುರ್ತವೆ. ನಾನು ಎರಡು ಬೆಳಗು ವಿಮಾನ ನಿಲ್ದಾಣದಿಂದ ವಾಪಸ್ ಬಂದವಳು ಮಗಾ. ಹಾರಿದ್ದು ಮೂರನೆಯ ದಿನ.

ಹುಡುಗಿ: ಅಂದರೆ ಎರಡು ದಿನದ ರೂಮ್ ಬಾಡಿಗೆ, ಊಟ ದಂಡ. ನಾನು ಎರಡು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಹೋಗುವುದು. ಒಂದೊಂದು ದಿನಕ್ಕೂ ಬೆಲೆ ಉಂಟು ನನಗೆ.

ಚಿಕ್ಕಮ್ಮ: ಹಾಗಾದರೆ ಲೆಕ್ಕವನ್ನೇ ಮಾಡುವ. ಭಾರತದ ನೂರು ರೂಪಾಯಿಗೆ ಅಲ್ಲಿಯ 160. 1993ರಿಂದ ಈ ದರ ಬದಲಾಗಲಿಲ್ಲ. ಪೋಖರಾದಲ್ಲಿ ಕೆರೆ ಎದುರಿಗೇ ಕಾಣುವ ಬೀದಿ ಬಿಟ್ಟು ಒಂದೆರಡು ಓಣಿ ಹಿಂದೆ ಹೋದರೆ ಮನೆಯವರೇ ನಡೆಸುವ ಸಣ್ಣ ಲಾಡ್ಜುಗಳು ಸಿಗ್ತವೆ. ಊಟಕ್ಕೆ ದಾಲ್‌ಭಾತ್. ಅನ್ನ, ಬೇಳೆ ಸಾರು, ಒಂದು ಪಲ್ಯ, ಒಂದಿಷ್ಟು ಸೊಪ್ಪು, ಉಪ್ಪಿನಕಾಯಿ. ತಟ್ಟೆಯಲ್ಲಿ ಅನ್ನ ಮುಗಿಯುತ್ತ ಬಂದ ಹಾಗೆ ಮನೆಯಾಕೆ ಬಂದು ಕೇಳದೆಯೇ ಬಡಿಸ್ತಾಳೆ, ಅದಕ್ಕೆ ಬೇರೆ ದುಡ್ಡಿಲ್ಲ. ಮಠದ ಪಂಕ್ತಿಯಲ್ಲಿ ಕೂತ ಹಾಗೆಯೇ ಅನಿಸಿತು ನನಗೆ. ಇಂಥ ಒಂದು ದಿನದ ಖರ್ಚು ಒಂದು ಪಕ್ಕ ಇಡು, ಜೋಮ್ಸೋಮಿನ ಟಿಕೆಟ್ ಇನ್ನೊಂದು ಪಕ್ಕ. ಆ ಟಿಕೆಟಿಗೆ ನೇಪಾಳದವರಿಗೊಂದು ದರ, ನಮಗೊಂದು, ಉಳಿದ ವಿದೇಶದವರಿಗೆ ಇನ್ನೊಂದು. ನಮ್ಮ ದರವೇ ಬಸ್ಸಿನ ಎಷ್ಟೋ ಪಟ್ಟು. ನೀನು ಹೋಗಲಿಕ್ಕೂ ಬರಲಿಕ್ಕೂ ವಿಮಾನ ಬರೆದಿದ್ದಿ. ಒಂದನ್ನು ಬಿಡು. ಉಳಿದ ದುಡ್ಡಿನಲ್ಲಿ ಪೋಖರಾದಲ್ಲಿ ಎರಡಲ್ಲ, ನಾಲ್ಕು ದಿನ ಇರಬಹುದು.

ಹುಡುಗಿ: ಯಾವುದನ್ನು ಬಿಡಲಿ?

ಚಿಕ್ಕಮ್ಮ: ಬರುವುದನ್ನು. ಹೋಗುವಾಗ ಹಾರು, ಬರುವಾಗ ಬೇನಿ ಅನ್ನುವ ಊರಿನ ಮೇಲಾಗಿ ಪೋಖರಾಕ್ಕೆ ಬರುವ ರಸ್ತೆಯಲ್ಲಿ ಇಳಿ. ಇಡೀ ದಿನ ಬೇಕು, ಸೊಂಟ ನೋಯ್ತದೆ, ಮಳೆಗಾಲದಲ್ಲಿ ಗುಡ್ಡ ಜರಿದು ದಾರಿ ಕಟ್ಟಿಹೋಗುವುದೂ ಉಂಟು. ಆದರೆ ನೀನು ಹೋಗುವ ಹೊತ್ತಿಗೆ ಮಳೆ ಬಿಟ್ಟಿರ್ತದೆ. ನಂಬಲಿಕ್ಕೆ ಆಗದ್ದನ್ನು ಪ್ರಯಾಣದ ಮೊದಲಿಗೆ ಇಟ್ಟುಕೊಳ್ಳಬೇಕು, ನಂಬಬಹುದಾದ್ದನ್ನು ಕೊನೆಗೆ. ಮೊದಲಿಗೆ ನಿನ್ನ ಕೈಯಲ್ಲಿ ದಿನ ಇರ್ತದೆ, ಕಾಯಬಹುದು. ಕೊನೆಗೆ ಕಾಯಲಿಕ್ಕೆ ಆಗುವುದಿಲ್ಲ, ರೈಲು ಹೋಗಿಬಿಡ್ತದೆ. ಕಾಯುವುದಾದರೂ ಪೋಖರಾದಲ್ಲೇ ಕಾಯಬೇಕು. ಹಣ ಕಮ್ಮಿ ಇದ್ದವರಿಗೆ ಅಷ್ಟು ಅನುಕೂಲದ ಊರು ಬೇರೆ ಇಲ್ಲ.

ಹುಡುಗಿ: ಆದರೆ ಆ ಊರಿನಲ್ಲಿ ಎರಡು ಮೂರು ದಿನ ಎಂತ ಮಾಡ್ಲಿಕ್ಕುಂಟು? ಎಲ್ಲರೂ ಅಲ್ಲಿ ಒಂದು ರಾತ್ರಿ ಮಲಗಿ ಬೆಟ್ಟಕ್ಕೆ ಹೋಗುವವರೇ.

ಚಿಕ್ಕಮ್ಮ: ಅದೇ ಬೇಜಾರು ನನಗೆ. ಅದೂ ಒಂದು ಊರು ಅಲ್ವಾ? ನಮ್ಮ ಬೆಳಗಾವಿಯಷ್ಟು ಜನ, 2021ರ ಗಣತಿಯಲ್ಲಿ ಐದು ಲಕ್ಷ ದಾಟಿದ್ದಾರೆ. ಅದನ್ನು ಬಸ್‌ಸ್ಟ್ಯಾಂಡಿನ ಬೆಂಚಿನ ಹಾಗೆ ಬಳಸಿ ಎದ್ದುಹೋಗ್ತಾರೆ. ನಾನೂ ಹಾಗೇ ಹೋಗಿದ್ದವಳು, ವಿಮಾನ ಹಾರದೆ ಇದ್ದದ್ದರಿಂದ ಊರು ನೋಡಿದೆ. ಸೇತಿ ನದಿ ಗೊತ್ತುಂಟಾ ನಿನಗೆ?

ಹುಡುಗಿ: ಇಲ್ಲ. ಫೇವಾ ಕೆರೆ ಮಾತ್ರ ಗೊತ್ತು.

ಚಿಕ್ಕಮ್ಮ: ಮೊದಲ ದಿನ ವಿಮಾನ ರದ್ದಾಗಿ, ಬ್ಯಾಗನ್ನು ರೂಮಿನಲ್ಲಿ ಹಾಕಿ ನಡೆಯುತ್ತ ಹೊರಟೆ. ಪೇಟೆ ನಡುವೆ ಮಹೇಂದ್ರಪುಲ್ ಅಂತ ಒಂದು ಸೇತುವೆ. ಸ್ಕೂಟರು, ಬಸ್ಸು, ಬುಟ್ಟಿ ಹಿಡಿದು ತರಕಾರಿ ಮಾರುವವರು. ಕೆಳಗೆ ನದಿ ಇರಬೇಕಲ್ಲ ಅಂತ ಕಟಾಂಜನಕ್ಕೆ ಒರಗಿ ಬಗ್ಗಿದೆ. ನೀರಿಲ್ಲ, ನೆಲದಲ್ಲೊಂದು ಬಿರುಕು, ಒಳಗೆ ಕತ್ತಲು. ಕಿವಿಗೆ ಮಾತ್ರ ಸದ್ದು ಬರ್ತದೆ. ಸುಮಾರು ಹೊತ್ತು ನಿಂತೆ. ಕಣ್ಣು ಹೊಂದಿಕೊಂಡ ಮೇಲೆ ಎಷ್ಟೋ ಆಳದಲ್ಲಿ ಕಂಡಿತು, ಅಕ್ಕಚ್ಚಿನ ಬಣ್ಣದ ನೀರು, ಎರಡು ಗೋಡೆ ನಡುವೆ ಮೈ ಹಿಡಿಮಾಡಿಕೊಂಡು ಓಡುವುದು. ನೇಪಾಳಿಯಲ್ಲಿ ಸೇತೋ ಅಂದರೆ ಬಿಳಿ. ಮೇಲಿನ ಬೆಟ್ಟದಿಂದ ಸುಣ್ಣದ ಹೂಳು ತರ್ತದೆ, ಅದಕ್ಕೆ ಆ ಬಣ್ಣ. ಊರು ಕೂತಿರುವುದೂ ಬೆಟ್ಟದಿಂದ ಬಂದು ಬಿದ್ದ ಕಲ್ಲು ಹೂಳಿನ ಮೇಲೆಯೇ, ನದಿ ಅದನ್ನು ಸೀಳಿಕೊಂಡು ಹೋಗಿದೆ. ಸುಣ್ಣಕಲ್ಲು ನೀರಿನಲ್ಲಿ ಕರಗ್ತದೆ ಅಂತ ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ಕಣ್ಣಾರೆ ನೋಡಿದ್ದು ಅವತ್ತು, ಹತ್ತು ಪೈಸೆ ಖರ್ಚಿಲ್ಲದೆ.

ಹುಡುಗಿ: ಮತ್ತೆ ಎರಡನೆಯ ದಿನ?

ಚಿಕ್ಕಮ್ಮ: ಬಿಂಧ್ಯಬಾಸಿನಿ ದೇವಸ್ಥಾನದ ಗುಡ್ಡ ಹತ್ತಿದೆ, ಅಲ್ಲಿಂದ ಹಳೇ ಬಜಾರಿಗೆ ಇಳಿದೆ. ಸಂಜೆ ಕೆರೆ ದಂಡೆಯಲ್ಲಿ ಕೂತೆ. ಕೆರೆ ನಡುವಿನ ದ್ವೀಪದಲ್ಲಿ ತಾಲ್ ಬರಾಹಿ ದೇವಿಯ ಗುಡಿ ಉಂಟು, ದೋಣಿಯಲ್ಲಿ ಜನ ಹೋಗಿ ಬರುತ್ತಿದ್ದರು. ಆಗ ಮೋಡ ಸರಿದು ಮಾಛಾಪುಛ್ರೆ ಕಂಡಿತು. ಮೀನಿನ ಬಾಲ ಅಂತ ಅರ್ಥ, ತುದಿ ಕವಲೊಡೆದಿದೆ. ಊರು ಇರುವುದು ಸುಮಾರು 800 ಮೀಟರಿನಲ್ಲಿ, ಆ ಶಿಖರ 6,993 ಮೀಟರ್, ನಡುವಿನ ದೂರ ಮೂವತ್ತು ಕಿಲೋಮೀಟರೂ ಇಲ್ಲ. ಇಲ್ಲಿಂದ ಕಾಪುವಿಗೆ ಇರುವುದರ ಸುಮಾರು ಎರಡು ಪಟ್ಟು ದೂರದಲ್ಲಿ ಅಷ್ಟೆತ್ತರ ಎದ್ದು ನಿಂತದ್ದನ್ನು ಕಲ್ಪಿಸಿಕೋ.

ಹುಡುಗಿ: ಅದನ್ನು ಯಾರೂ ಹತ್ತಲಿಲ್ಲವಂತೆ, ಹೌದಾ?

ಚಿಕ್ಕಮ್ಮ: 1957ರಲ್ಲಿ ಒಂದು ಬ್ರಿಟಿಷ್ ತಂಡ ಹೋಗಿತ್ತು. ವಿಲ್ಫ್ರಿಡ್ ನೋಯ್ಸ್, ಡೇವಿಡ್ ಕಾಕ್ಸ್ ಇಬ್ಬರು ತುದಿಗೆ ಐವತ್ತು ಮೀಟರಿನಷ್ಟು ಬಾಕಿ ಇರುವಾಗ ನಿಂತರು. ಎದುರಿಗೆ ಕಡಿದಾದ ನೀರ್ಗಲ್ಲು. ಜೊತೆಗೆ, ಶಿಖರದ ಮೇಲೆ ಕಾಲಿಡುವುದಿಲ್ಲ ಅಂತ ಕೊಟ್ಟ ಮಾತೂ ಇತ್ತು, ಅಲ್ಲಿಯ ಜನಕ್ಕೆ ಅದು ದೇವರ ಬೆಟ್ಟ. ಆಮೇಲೆ ಅದನ್ನು ಹತ್ತಲಿಕ್ಕೆ ಪರವಾನಗಿಯೇ ಇಲ್ಲ. ಎರಡು ದಿನ ವಿಮಾನ ತಪ್ಪಿ ಕೂತಿದ್ದ ನನಗೆ ಆ ಐವತ್ತು ಮೀಟರ್ ತುಂಬ ಸಮಾಧಾನ ಕೊಟ್ಟಿತು ಮಗಾ. ಅಷ್ಟು ಹತ್ತಿರ ಹೋದವರು ತಿರುಗಿ ಬಂದಿದ್ದಾರೆ, ನನಗೆಂತ ಅವಸರ ಅಂತ.

ಹುಡುಗಿ: ಚಿಕ್ಕಮ್ಮ, ಒಂದು ಕೇಳ್ಲಾ? ಆ ಪುಟ್ಟ ವಿಮಾನ ಹತ್ತಲಿಕ್ಕೆ ಹೆದರಿಕೆ ಆಗ್ಲಿಲ್ವಾ? ಅಮ್ಮ ಸುದ್ದಿ ಓದಿ ಬೇಡವೇ ಬೇಡ ಅಂತಿದ್ದಾಳೆ.

ಚಿಕ್ಕಮ್ಮ: ಅಕ್ಕನ ಹೆದರಿಕೆ ಸುಳ್ಳಲ್ಲ. 2022ರ ಮೇ ತಿಂಗಳಲ್ಲಿ ಇದೇ ದಾರಿಯಲ್ಲಿ, ಪೋಖರಾದಿಂದ ಜೋಮ್ಸೋಮಿಗೆ ಹೊರಟ ವಿಮಾನ ಬೆಟ್ಟಕ್ಕೆ ಬಡಿದು ಅದರಲ್ಲಿದ್ದ 22 ಜನರೂ ಹೋದರು. ಪೋಖರಾದ ಹೊಸ ವಿಮಾನ ನಿಲ್ದಾಣ ಶುರುವಾದದ್ದು 2023ರ ಜನವರಿ 1ಕ್ಕೆ. ಎರಡೇ ವಾರದಲ್ಲಿ, 15ನೇ ತಾರೀಕು, ಅಲ್ಲಿ ಇಳಿಯಲಿಕ್ಕೆ ಬಂದ ವಿಮಾನ ಬಿದ್ದು 72 ಜನ. ನೇಪಾಳದ ವಿಮಾನಗಳನ್ನು ಯುರೋಪಿನ ಒಕ್ಕೂಟ 2013ರಲ್ಲೇ ತನ್ನ ಆಕಾಶದಿಂದ ಹೊರಗಿಟ್ಟಿತು. ಇದನ್ನೆಲ್ಲ ಮುಚ್ಚಿಟ್ಟು ಹೋಗಿ ಬಾ ಅಂತ ಹೇಳುವವಳಲ್ಲ ನಾನು. ನೀನೇ ಯೋಚನೆ ಮಾಡಿ ತೀರ್ಮಾನಿಸಬೇಕು. ಬೇಡ ಅನಿಸಿದರೆ ಎರಡೂ ಕಡೆಗೆ ರಸ್ತೆ ಹಿಡಿ, ಅದರಲ್ಲಿ ನಾಚಿಕೆ ಇಲ್ಲ. ಹಾರುವುದಾದರೆ ಒಂದು ಮಾತು ಕೊಡು. ಇವತ್ತು ಹಾರುವುದಿಲ್ಲ ಅಂತ ಅವರು ಹೇಳಿದ ದಿನ ಯಾಕೆ ಅಂತ ಜಗಳ ಮಾಡಬಾರದು.

ಹುಡುಗಿ: ಜಗಳ ಮಾಡ್ತಾರಾ?

ಚಿಕ್ಕಮ್ಮ: ಕಣ್ಣಾರೆ ನೋಡಿದೆ. ಎರಡನೆಯ ಬೆಳಿಗ್ಗೆ. ಆರು ಗಂಟೆಗೇ ಎಲ್ಲರ ಚೀಲ ತೂಗಿ ಆಗಿತ್ತು. ಆ ವಿಮಾನದಲ್ಲಿ ಇಪ್ಪತ್ತು ಸೀಟೂ ಇಲ್ಲ, ತೂಕದ ಮಿತಿ ಬಹಳ ಬಿಗಿ. ನನ್ನದು ಸ್ವಲ್ಪ ಜಾಸ್ತಿ ಬಂತು. ಎರಡು ಸ್ವೆಟರ್ ತೆಗೆದು ಒಂದರ ಮೇಲೊಂದು ಹಾಕಿಕೊಂಡೆ, ಮುಳ್ಳು ಸರಿಯಾದ ಜಾಗಕ್ಕೆ ಬಂತು. ಎಂಟು ಗಂಟೆಯವರೆಗೆ ಕೂತೆವು. ಒಬ್ಬ ಹುಡುಗ ಫೋನಿನಲ್ಲಿ ಜೋಮ್ಸೋಮಿನವರ ಹತ್ತಿರ ಮಾತಾಡುತ್ತಲೇ ಇದ್ದ. ಕೊನೆಗೆ ಬಂದು ಇಲ್ಲ ಅಂದ. ಒಬ್ಬ ಪ್ರವಾಸಿ ಕೌಂಟರಿಗೆ ಹೋಗಿ ಮೇಜು ಬಡಿದು ಕೂಗಾಡಿದ. ನನ್ನ ಪಕ್ಕ ಮುಸ್ತಾಂಗಿನ ಕಡೆಯ ಒಬ್ಬ ಅಜ್ಜಿ ಕೂತಿದ್ದಳು, ಮನೆಗೆ ಹೊರಟವಳು. ಅವಳು ಕಿಟಕಿಯ ಕಡೆ ನೋಡಿ 'ಹಾವಾ' ಅಂದಳು. ಗಾಳಿ ಅಂತ. ಅಷ್ಟೇ ಹೇಳಿ ಹೊದಿಕೆ ಸುತ್ತಿ ಕಂಕುಳಲ್ಲಿಟ್ಟು, ನನ್ನನ್ನು ಕೈಹಿಡಿದು ಎಬ್ಬಿಸಿ ಹೊರಗೆ ಚಹಾ ಕುಡಿಯಲಿಕ್ಕೆ ಕರಕೊಂಡು ಹೋದಳು. ಚಹಾದ ದುಡ್ಡು ನಾನು ಕೊಡ್ತೇನೆ ಅಂದರೆ ಬಿಡಲಿಲ್ಲ.

ಹುಡುಗಿ: ಮೂರನೆಯ ದಿನ?

ಚಿಕ್ಕಮ್ಮ: ಆಕಾಶ ತೊಳೆದಿಟ್ಟ ಹಾಗೆ ಇತ್ತು. ಕಿವಿಗೆ ಹತ್ತಿ, ಬಾಯಿಗೆ ಒಂದು ಮಿಠಾಯಿ ಕೊಟ್ಟರು. ಪೈಲಟಿನ ಬೆನ್ನು, ಅವನ ಎದುರಿನ ಗಾಜು ಎಲ್ಲ ನಮಗೇ ಕಾಣ್ತದೆ, ನಡುವೆ ಬಾಗಿಲಿಲ್ಲ. ಇಪ್ಪತ್ತು ನಿಮಿಷದ ಹಾರಾಟ. ವಿಮಾನ ಅಂದರೆ ಬೆಟ್ಟಗಳನ್ನು ಕೆಳಗೆ ನೋಡುವುದು ಅಂತ ತಿಳಿದಿದ್ದೆ. ಇಲ್ಲಿ ಸೀಟಿನಲ್ಲಿ ಕೂತು ತಲೆ ಎತ್ತಿ ನೋಡಬೇಕು. ಎಡಕ್ಕೆ ಧವಳಗಿರಿ, ಬಲಕ್ಕೆ ಅನ್ನಪೂರ್ಣ, ನೀಲಗಿರಿ, ಅವುಗಳ ಸೊಂಟದ ಎತ್ತರದಲ್ಲಿ ನಾವು. ಕೆಳಗೆ ಹಸಿರು ಮುಗಿದು ಬೂದುಬಣ್ಣದ ನೆಲ ಶುರು, ಅದರ ನಡುವೆ ನದಿ ಹತ್ತಾರು ಎಳೆಯಾಗಿ ಹರಡಿಕೊಂಡಿದೆ. ಅಜ್ಜಿ ಮುಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಳು.

ಹುಡುಗಿ: ಇಳಿದ ಕೂಡಲೇ ಜೀಪು ಹತ್ತಿ ಮುಕ್ತಿನಾಥಕ್ಕೆ ಹೋದಿರಾ?

ಚಿಕ್ಕಮ್ಮ: ಇಲ್ಲ, ನೀನೂ ಹೋಗಬೇಡ. ಬೆಳಿಗ್ಗೆ 800 ಮೀಟರಿನಲ್ಲಿದ್ದ ಶರೀರವನ್ನು ಮಧ್ಯಾಹ್ನ 3,700 ಮೀಟರಿಗೆ ಎಳಕೊಂಡು ಹೋಗುವುದು ಅದಕ್ಕೆ ಮಾಡುವ ಅನ್ಯಾಯ. ತಲೆನೋವು, ವಾಂತಿಯಲ್ಲಿ ಶುರುವಾಗ್ತದೆ. ಹೆಚ್ಚಾದರೆ ಶ್ವಾಸಕೋಶಕ್ಕೆ, ಮಿದುಳಿಗೆ ನೀರು ಕೂಡಿಕೊಂಡು ಜೀವಕ್ಕೇ ಬರ್ತದೆ. ತಲೆ ಸಿಡಿಯಲಿಕ್ಕೆ ಶುರುವಾದರೆ ಮೇಲೆ ಹೋಗಬಾರದು, ಕೆಳಗೆ ಇಳಿಯಬೇಕು. ನಾನು ಮೊದಲ ರಾತ್ರಿ ಮಾರ್ಫಾದಲ್ಲಿ ಉಳಿದೆ, ಜೋಮ್ಸೋಮಿಗಿಂತ ಸ್ವಲ್ಪ ತಗ್ಗಿನಲ್ಲಿರುವ ಹಳ್ಳಿ. ಸುಣ್ಣ ಬಳಿದ ಕಲ್ಲಿನ ಮನೆಗಳು, ಮಾಡಿನ ಅಂಚಿಗೆಲ್ಲ ಸೌದೆ ಪೇರಿಸಿಟ್ಟಿದ್ದಾರೆ, ಸುತ್ತ ಸೇಬಿನ ತೋಟ. ಕಾವಾಗುಚಿ ಅಂತ ಒಬ್ಬ ಜಪಾನಿ ಭಿಕ್ಷು, ಟಿಬೆಟಿಗೆ ಹೋಗಿ ಬೌದ್ಧ ಗ್ರಂಥ ಹುಡುಕಬೇಕು ಅಂತ ಹೊರಟವನು, ಪೋಖರಾ ದಾಟಿ ಬಂದು ಈ ಸೀಮೆಯಲ್ಲಿ ತಿಂಗಳುಗಟ್ಟಲೆ ಕಾದ. ಟಿಬೆಟಿನ ಭಾಷೆ ಕಲಿತ, ಕಲ್ಲಿನ ದಾರಿ ನಡೆಯಲಿಕ್ಕೆ ಮೈಯನ್ನು ಅಭ್ಯಾಸ ಮಾಡಿದ. ಮಾರ್ಫಾದಲ್ಲಿ ಅವನು ಉಳಿದ ಮನೆ ಈಗಲೂ ಉಂಟು. 1900ರಲ್ಲಿ ಗಡಿ ದಾಟಿದ. ಕಾಯುವುದನ್ನು ಅವನು ದಂಡ ಅಂತ ಎಣಿಸಿದ್ದರೆ ಟಿಬೆಟ್ ನೋಡುತ್ತಿರಲಿಲ್ಲ.

ಹುಡುಗಿ: ಅಲ್ಲಿ ಊಟ, ಚಹಾ ಎಲ್ಲ ದುಬಾರಿ ಅಂತ ಓದಿದೆ. ಚೌಕಾಸಿ ಮಾಡಬಹುದಾ?

ಚಿಕ್ಕಮ್ಮ: ಅಲ್ಲಿ ಮಾಡಬೇಡ. ಗ್ಯಾಸಿನ ಸಿಲಿಂಡರು, ಅಕ್ಕಿ, ಎಣ್ಣೆ ಎಲ್ಲ ಆ ಹಾಳು ರಸ್ತೆಯಲ್ಲೇ ಮೇಲೆ ಬರಬೇಕು. ರಸ್ತೆ ಇಲ್ಲದ ಹಳ್ಳಿಗೆ ಇನ್ನೂ ಬೆನ್ನ ಮೇಲೆಯೇ. ಬಿದಿರಿನ ಬುಟ್ಟಿಗೆ ಡೋಕೋ ಅಂತಾರೆ, ಅದರ ಪಟ್ಟಿ ನಾಮ್ಲೋ, ಅದನ್ನು ಹಣೆಗೆ ಕೊಟ್ಟು ಹೊರ್ತಾರೆ. ಹಾಗೆ ಹೊತ್ತು ತಂದವರ ಹತ್ತಿರ ಹತ್ತು ರೂಪಾಯಿಗೆ ಎಳೆದಾಡಿದರೆ ನಾವು ಉಳಿಸಿದ್ದು ಅವರ ಬೆವರು. ಉಳಿಸಬೇಕಾ, ನಿನ್ನ ಸುಖದಿಂದ ಉಳಿಸು. ಬಿಸಿನೀರಿನ ಸ್ನಾನ ಎರಡು ದಿನ ಬಿಡು, ಒಂದು ಗಂಟೆ ದಾರಿಯಾದರೆ ಜೀಪು ಬಿಟ್ಟು ನಡೆ. ಅಲ್ಲಿ ಹಿರಿಯ ಹೆಂಗಸರನ್ನು ದಿದಿ ಅಂತ, ಗಂಡಸರನ್ನು ದಾಯ್ ಅಂತ ಕರೀಬೇಕು, ನಮ್ಮ ಅಕ್ಕ ಅಣ್ಣ ಇದ್ದ ಹಾಗೆ. ಅನ್ನಪೂರ್ಣ ಸಂರಕ್ಷಣಾ ಪ್ರದೇಶಕ್ಕೆ ಒಂದು ಪರವಾನಗಿ ಬೇಕು. ಸಾರ್ಕ್ ದೇಶದವರಿಗೆ ಶುಲ್ಕ ಕಮ್ಮಿ, ಪೋಖರಾದಲ್ಲೇ ಮಾಡಿಸಿಕೋ. ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲವೆ ವೋಟರ್ ಐಡಿ ಇರಲಿ. ಆಧಾರ್ ನಂಬಿ ಹೋಗಬೇಡ.

ಹುಡುಗಿ: ಮುಕ್ತಿನಾಥ ಹೇಗುಂಟು?

ಚಿಕ್ಕಮ್ಮ: ಗುಡಿಯ ಹಿಂದೆ ಅರ್ಧಚಂದ್ರದ ಗೋಡೆ, ಅದರಲ್ಲಿ 108 ಬಸವನ ಮುಖ, ಒಂದೊಂದರಿಂದಲೂ ನೀರು. ಹಿಮ ಕರಗಿದ ನೀರದು, ಅದರಡಿಯಲ್ಲಿ ಓಡ್ತಾರೆ. ಶ್ರೀವೈಷ್ಣವರಿಗೆ ಅದು 108 ದಿವ್ಯದೇಶಗಳಲ್ಲೊಂದು. ಬೌದ್ಧರಿಗೂ ಪುಣ್ಯಸ್ಥಳ, ಅಲ್ಲಿ ಸೇವೆ ನೋಡಿಕೊಳ್ಳುವವರಲ್ಲಿ ಬೌದ್ಧ ಸನ್ಯಾಸಿನಿಯರೂ ಇದ್ದಾರೆ. ಪಕ್ಕದ ಜ್ವಾಲಾಮಾಯಿ ಗುಡಿಯಲ್ಲಿ ಕಲ್ಲಿನ ಸಂದಿನಿಂದ ಬರುವ ಅನಿಲಕ್ಕೆ ಸಣ್ಣ ಉರಿ ಹತ್ತಿಕೊಂಡಿದೆ, ಅದರ ಬದಿಯಲ್ಲೇ ನೀರು ಹರಿಯುವ ಸದ್ದು. ಒಂದು ನಿಮಿಷ, ತಡಿ.

(ಚಿಕ್ಕಮ್ಮ ಒಳಗೆ ಹೋಗಿ ಕಾಲು ತೊಳೆದು, ದೇವರ ಪೆಟ್ಟಿಗೆಯಿಂದ ಒಂದು ಸಾಲಿಗ್ರಾಮವನ್ನು ತುಳಸಿ ಎಲೆಯ ಸಮೇತ ತಂದರು. ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದು, ಅಭಿಷೇಕದಲ್ಲಿ ತೊಳೆದು ತೊಳೆದು ನುಣುಪಾದ ಕಪ್ಪು ಕಲ್ಲು. ಒಂದು ಅಂಚಿನಲ್ಲಿ ಸಣ್ಣ ಬಾಯಿ. ದೀಪದ ಬೆಳಕಿಗೆ ಹಿಡಿದಾಗ ಬಾಯೊಳಗೆ ಸುರುಳಿ ಗೆರೆಗಳು ಕಂಡವು, ಬಾಚಣಿಗೆಯಲ್ಲಿ ಎಳೆದ ಹಾಗೆ ಸಮವಾಗಿ.)

ಚಿಕ್ಕಮ್ಮ: ಇದು ಕಾಳಿಗಂಡಕಿಯದ್ದು. ಆ ಬೆಟ್ಟ ಏಳುವ ಮೊದಲು ಅಲ್ಲೊಂದು ಸಮುದ್ರ ಇತ್ತು, ಟೆಥಿಸ್ ಅಂತ. ಅದರಲ್ಲಿದ್ದ ಅಮೊನೈಟ್ ಎಂಬ ಜೀವಿಯ ಚಿಪ್ಪಿನ ಗುರುತು ಈ ಚಕ್ರ, 14–15 ಕೋಟಿ ವರ್ಷ ಹಳೆಯದು. ಅದನ್ನು ಪಾಠ ಮಾಡಿದವಳೂ ನಾನೇ, ದಿನಾ ನೀರು ಹಾಕಿ ಕೈಮುಗಿಯುವವಳೂ ನಾನೇ. ಎರಡೂ ಒಟ್ಟಿಗೆ ಇರಲಿಕ್ಕೆ ನನಗೆ ಕಷ್ಟ ಆಗಲಿಲ್ಲ. ನಮ್ಮ ಮುತ್ತಜ್ಜನಿಗೆ ಉತ್ತರದ ಯಾತ್ರೆ ಮುಗಿಸಿ ಬಂದ ಒಬ್ಬರು ಕೊಟ್ಟದ್ದಂತೆ. ಆಗ ವಿಮಾನ ಎಲ್ಲಿತ್ತು, ಜೋಮ್ಸೋಮಿಗೆ ರಸ್ತೆ ಎಲ್ಲಿತ್ತು? ಯಾರದೋ ಗಂಟಿನಲ್ಲಿ, ಯಾರದೋ ಹೆಗಲ ಮೇಲೆ, ಛತ್ರಗಳಲ್ಲಿ ಮಲಗಿ, ಮಳೆಗೆ ನಿಂತು, ಹೊಳೆ ಇಳಿಯುವವರೆಗೆ ಕಾದು ಇದು ಉಡುಪಿಗೆ ಬಂತು. ಕಮ್ಮಿ ದುಡ್ಡಿನಲ್ಲಿ ಬೆನ್ನಿಗೆ ಗಂಟು ಕಟ್ಟಿ ತಿರುಗುವುದು ನಿಮ್ಮ ಕಾಲದ್ದು ಅಂತ ಎಣಿಸಬೇಡ. ಅವರ ಹತ್ತಿರ ಇದ್ದದ್ದೂ ದಿನಗಳು ಮಾತ್ರ.

(ಹುಡುಗಿ ಹಾಳೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ಕಾಠ್ಮಂಡುವಿನ ಮೇಲೆ ಗೀಟು ಬಿತ್ತು, ಲುಂಬಿನಿಯ ಮೇಲೂ. ಅವಳು ಬೆರಳಿನಲ್ಲಿ ಮನೆಗಳನ್ನು ಎಣಿಸಿದಳು.)

ಹುಡುಗಿ: ಹೋಗಲಿಕ್ಕೆ ಮೂರು ದಿನ, ಬರಲಿಕ್ಕೆ ಮೂರು. ಉಳಿದದ್ದು ಎಂಟು. ನಾಲ್ಕನೆಯ ದಿನ ಪೋಖರಾ. ಐದು, ಆರು, ಏಳು, ಈ ಮೂರು ಬೆಳಗಿನಲ್ಲಿ ಯಾವುದಾದರೂ ಒಂದು ದಿನ ಹಾರುವುದು. ಏಳಕ್ಕೇ ಹಾರಿದರೂ ಮಾರ್ಫಾ, ನದಿ ದಂಡೆಯ ಕಾಗ್‌ಬೇನಿ, ಮುಕ್ತಿನಾಥ ಆಗ್ತದೆ. ಹತ್ತಕ್ಕೆ ರಸ್ತೆಯಲ್ಲಿ ಇಳಿದರೆ ಹನ್ನೊಂದು ಪೋಖರಾದಲ್ಲಿ ವಿಶ್ರಾಂತಿ. ಕೂಡಿ ಬಂತು ಚಿಕ್ಕಮ್ಮ.

ಚಿಕ್ಕಮ್ಮ: ಐದಕ್ಕೇ ಹಾರಿದರೆ?

ಹುಡುಗಿ: ಎರಡು ದಿನ ಕಾಗ್‌ಬೇನಿಯಲ್ಲಿ ನದಿ ನೋಡುತ್ತ ಕೂರ್ತೇನೆ. ಮತ್ತೆ... ಇದೊಂದು ಕೇಳಬಹುದಾ ಗೊತ್ತಿಲ್ಲ. ಪೆಟ್ಟಿಗೆಯಲ್ಲಿ ಇನ್ನೂ ಸಾಲಿಗ್ರಾಮ ಉಂಟಲ್ಲ. ಈ ಸಣ್ಣದನ್ನು ನಾನು ತಕೊಂಡು ಹೋಗಿ ಆ ನದಿಯ ನೀರಿನಲ್ಲಿ ಒಮ್ಮೆ ಅಭಿಷೇಕ ಮಾಡಿ ವಾಪಸ್ ತರ್ಲಾ?

(ಚಿಕ್ಕಮ್ಮ ಕೂಡಲೇ ಉತ್ತರ ಕೊಡಲಿಲ್ಲ. ಕಲ್ಲನ್ನು ಅಂಗೈಯಲ್ಲಿಟ್ಟು ಎರಡು ಸಲ ಮೇಲೆ ಕೆಳಗೆ ಮಾಡಿ ಭಾರ ನೋಡಿದರು. ತುಳಸಿ ಎಲೆಯನ್ನು ಮತ್ತೆ ಅದರ ಮೇಲೆ ಸರಿಯಾಗಿ ಇಟ್ಟರು.)

ಚಿಕ್ಕಮ್ಮ: ತೂಕದ ಹತ್ತಿರ ಹೋದಾಗ ಸ್ವೆಟರನ್ನು ಮೈಮೇಲೆ ಹಾಕಿಕೋ. ಚೀಲದಲ್ಲಿ ಇದಕ್ಕೆ ಜಾಗ ಆಗ್ತದೆ.